ರೆಕ್ಕೆಗೆ ಸಡಿಲ ಬಿಟ್ಟ ಭಾನುಮತಿ

ಬೆಳಗಿನ ಆರು ಗಂಟೆ. ಜಪಾನಿನ ಕಾಶಿವಾ ನಗರದ ಸಂಶೋಧನಾ ಕ್ಯಾಂಪಸ್ಸಿನಲ್ಲಿ ಇನ್ನೂ ಎ.ಸಿ. ಚಾಲೂ ಆಗಿಲ್ಲ. ಗಾಳಿ ಅಲುಗದ ಈ ಹೊತ್ತೇ ಹಾರಾಟದ ಪರೀಕ್ಷೆಗೆ ಸೂಕ್ತ. ಮೈಸೂರಿನ ಭಾನುಮತಿ ಉಸಿರು ಬಿಗಿಹಿಡಿದು, ಅಂಗೈಯಗಲದ ತೆಳು ಹಾಳೆಯ ಮೇಲೆ ಕೂದಲೆಳೆಯಂಥ ಕಾರ್ಬನ್ ಕಡ್ಡಿಗಳನ್ನು ಅಂಟಿಸುತ್ತಿದ್ದಾರೆ. ಅದು ಹಮ್ಮಿಂಗ್ ಬರ್ಡ್‌ನಂತೆ ಹಾರುವ ಪುಟ್ಟ ಯಂತ್ರದ ರೆಕ್ಕೆ. ಭೂಕಂಪದಲ್ಲಿ ಕುಸಿದ ಕಟ್ಟಡಗಳೊಳಗೆ ನುಗ್ಗಿ, ಬದುಕುಳಿದವರನ್ನು ಹುಡುಕುವುದಕ್ಕೆಂದೇ ಈ ಯಂತ್ರ ತಯಾರಾಗುತ್ತಿದೆ.

ಐವತ್ತೊಂದರ ಭಾನುಮತಿ ಒಂಟಿಕೊಪ್ಪಲಿನಲ್ಲಿ ಇಪ್ಪತ್ತು ವರ್ಷ ರವಿಕೆ ಹೊಲಿದವರು. ಪತಿ ಹೃಷಿಕೇಶರನ್ನು ಅವರ ಐ.ಟಿ. ಕಂಪನಿ ಜಪಾನಿಗೆ ಕಳಿಸಿದಾಗ ಜೊತೆಗೆ ಬಂದರು. ಭಾಷೆ ಬಾರದೆ, ಮನೆಯೆದುರಿನ ಕೊಂಬಿನಿ ಎಂಬ ದಿನಬಳಕೆಯ ಅಂಗಡಿಗೂ ಒಬ್ಬರೇ ಹೋಗಲು ಅಂಜುತ್ತಿದ್ದರು. "ಮೊದಲನೇ ವರ್ಷ ಪೂರ್ತಿ ನಾನಾಡಿದ್ದು ಸುಮಿಮಾಸೆನ್ ಒಂದೇ. ಏನೂ ತಪ್ಪು ಮಾಡ್ದೇನೇ ಎಲ್ಲರ ಹತ್ರ ಸಾರಿ ಕೇಳ್ತಿದ್ದೆ," ಎಂದು ನಗುತ್ತಾರೆ. ಇದೇ ಕ್ಯಾಂಪಸ್ಸಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಕನ್ನಡತಿ ಪ್ರಣತಿ, ಅವರ ಹೊಲಿಗೆಯ ಅಚ್ಚುಕಟ್ಟು ಕಂಡು ತಮ್ಮ ಪ್ರಯೋಗಾಲಯಕ್ಕೆ ಕರೆತಂದರು. ಈಗ ವಾರಕ್ಕೆ ಇಪ್ಪತ್ತು ಗಂಟೆ ಕೆಲಸ, ದಿನಕ್ಕೆ ನಾಲ್ಕು ಜೊತೆ ರೆಕ್ಕೆ. ಅವುಗಳಲ್ಲಿ ಮೂರು ಜೊತೆ ಪರೀಕ್ಷೆಗೆ ಸಿಕ್ಕಿ ಸಂಜೆಯೊಳಗೆ ಹರಿದಿರುತ್ತವೆ.

ಕಳೆದ ವರ್ಷ ಯಂತ್ರ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ತಂಡ ಮೋಟಾರು ಬದಲಿಸಿತು, ಲೆಕ್ಕ ತಿದ್ದಿತು. ಹಣ ಕೊಡುವವರೆದುರಿನ ಪ್ರದರ್ಶನಕ್ಕೆ ಒಂಬತ್ತು ದಿನ ಉಳಿದಿತ್ತು. ಸೋತರೆ ಯೋಜನೆಯೇ ಮುಚ್ಚುತ್ತಿತ್ತು. ಭಾನುಮತಿ ನಿಜವಾದ ಹಕ್ಕಿಯ ನಿಧಾನಗತಿಯ ವಿಡಿಯೊವನ್ನು ಮತ್ತೆ ಮತ್ತೆ ನೋಡಿದರು. ಸೆಕೆಂಡಿಗೆ ಐವತ್ತು ಬಡಿತ. ರೆಕ್ಕೆ ಹಿಂದೆ ಮುಂದೆ ಬೀಸುತ್ತ, ಅಡ್ಡ ಮಲಗಿದ ಇಂಗ್ಲಿಷ್ ಎಂಟರ ಆಕಾರವನ್ನು ಬರೆಯುತ್ತದೆ. ಹಿಂದಕ್ಕೆ ಹೋಗುವಾಗ ಭುಜದಿಂದಲೇ ಮಗುಚಿಕೊಂಡು, ಆಗಲೂ ಮೈಯನ್ನು ಎತ್ತಿ ಹಿಡಿಯುತ್ತದೆ. ತಾವು ಮಾಡಿದ ರೆಕ್ಕೆ ಮಾತ್ರ ಮಗುಚುತ್ತಿರಲಿಲ್ಲ.

ಭಾನುಮತಿ ತಂಡದ ಮುಖ್ಯಸ್ಥ ಮೊರಿತಾ ಸಾನ್ ಅವರ ಎದುರು ಹೋಗಿ ನಿಂತರು. "ರವಿಕೆ ಕಂಕುಳಲ್ಲಿ ಬಿಗಿಯಾದ್ರೆ ಕೈ ಎತ್ತಕ್ಕಾಗಲ್ಲ, ರೆಕ್ಕೆನೂ ಅಷ್ಟೇ, ಬುಡದಲ್ಲಿ ಲೂಸ್ ಬಿಡ್ಬೇಕು ಅಂದೆ. ಪ್ರಣತಿ ಟ್ರಾನ್ಸ್‌ಲೇಟ್ ಮಾಡಿದ್ಲು. ಅವರಿಗೆ ರವಿಕೆ ಅಂದ್ರೇನು ಗೊತ್ತು? ಕೈ ಎತ್ತಿ ತೋರಿಸಿದೆ. ಆಮೇಲೆ, ಮಾಡಿ ನೋಡಿ ಅಂದ್ರು."

ಬುಡ ಸಡಿಲ ಬಿಟ್ಟ ಮೊದಲ ಏಳು ಜೊತೆ ಹರಿದವು. ಎಂಟನೆಯದನ್ನು ತೊಟ್ಟ ಯಂತ್ರ ಮೇಲೆದ್ದು ನಲವತ್ತು ಸೆಕೆಂಡು ಗಾಳಿಯಲ್ಲಿ ನಿಂತಿತು. ಪ್ರದರ್ಶನವೂ ಗೆದ್ದಿತು, ಯೋಜನೆ ಉಳಿಯಿತು. ಪತ್ರಿಕೆಗಳ ಫೋಟೊದಲ್ಲಿ ಭಾನುಮತಿ ಇಲ್ಲ; ಆ ಹೊತ್ತಿಗೆ ಅವರು ಒಳಗೆ ಬದಲಿ ರೆಕ್ಕೆ ಅಂಟಿಸುತ್ತಿದ್ದರು.

ಅದಕ್ಕೆ ಬೇಸರವಿಲ್ಲ. "ಭೂಕಂಪ ಆಗೋದೇ ಬೇಡಪ್ಪಾ, ಇದಕ್ಕೆ ಕೆಲಸಾನೇ ಸಿಗ್ದಿರ್ಲಿ," ಎನ್ನುತ್ತ ಮುಂದಿನ ಹಾಳೆ ಎತ್ತಿಕೊಳ್ಳುತ್ತಾರೆ. "ಅಕಸ್ಮಾತ್ ಭೂಕಂಪ ಆಗೇಬಿಟ್ರೆ, ನನ್ನ ರೆಕ್ಕೆ ಕೈಕೊಡಲ್ಲ."