ಹರಳೆಣ್ಣೆ ಕುಡಿದ ಫ್ಯಾನ್‌ಬೆಲ್ಟ್

ಬಂಟ್ವಾಳದ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಇವತ್ತಿಗೂ ಒಂದೇ ಉತ್ತರ: "ಡ್ರೈವರ್ ಐತಪ್ಪ ಇಂಜಿನ್ ಸುಟ್ಟ." ಸುಟ್ಟದ್ದನ್ನು ನೀವು ಕಂಡಿದ್ದೀರಾ ಎಂದರೆ, ಇಲ್ಲ, ಬಸ್ಸಿನ ಧಣಿಗಳು ಹೇಳಿದರು ಎನ್ನುತ್ತಾರೆ. ಒಬ್ಬರ ಮಾತನ್ನು ನೂರು ಬಾಯಿ ಹೇಳಿದರೆ ನೂರು ಸಾಕ್ಷಿ ಆಗುವುದಿಲ್ಲ. ಮೂಡಬಿದ್ರೆಯ ಹೈಸ್ಕೂಲಿನ ಚರ್ಚಾಕೂಟದಲ್ಲಿ ನನಗೆ ಮೊದಲು ಕಲಿಸಿದ ಪಾಠವೇ ಅದು. ಊರಿಗೆ ಆ ಪಾಠ ಯಾಕೆ ಬೇಡವೋ ನನಗೆ ಗೊತ್ತಿಲ್ಲ. ಆ ಬಸ್ಸಿನ ಬೆಲ್ಟನ್ನು ಕೈಯಾರೆ ಬಿಚ್ಚಿದವನು ನಾನು. ಆದ್ದರಿಂದ ಬರೆಯುತ್ತೇನೆ.

1964ರಲ್ಲಿ ನಾನು ಬಂಟ್ವಾಳದ ಒಂದು ಬಸ್ ಸರ್ವಿಸಿನ ಗ್ಯಾರೇಜಿನಲ್ಲಿ ಕಿರಿಯ ಮೆಕ್ಯಾನಿಕ್. ವಯಸ್ಸು ಇಪ್ಪತ್ತೆರಡು. ನನ್ನ ಮೇಲೆ ಲಿಂಗಪ್ಪ ಮೇಸ್ತ್ರಿ. ಬಸ್ಸಿನ ಕೆಲಸಕ್ಕೆ ಬರುವ ಮೊದಲು ಹದಿನೆಂಟು ವರ್ಷ ಅಕ್ಕಿ ಮಿಲ್ಲಿನ ಇಂಜಿನ್ ನೋಡಿಕೊಂಡವರು. ಐತಪ್ಪಣ್ಣ ಓಡಿಸುವ ಬಸ್ಸು ಬಂಟ್ವಾಳದಿಂದ ಗುರುವಾಯನಕೆರೆ, ವೇಣೂರು ಮಾರ್ಗವಾಗಿ ಮೂಡಬಿದ್ರೆಗೆ ಹೋಗುತ್ತಿತ್ತು.

ಮಳೆಗಾಲ ಮುಗಿದ ಮೇಲೆ ಆ ಬಸ್ಸಿನ ಫ್ಯಾನ್‌ಬೆಲ್ಟ್ ಕೂಗಲು ಶುರುವಾಯಿತು. ಫ್ಯಾನ್‌ಬೆಲ್ಟ್ ಎಂದರೆ ಇಂಜಿನ್ನಿನ ತಿರುಗುವ ಶಕ್ತಿಯನ್ನು ಫ್ಯಾನಿಗೆ, ನೀರಿನ ಪಂಪಿಗೆ, ಬ್ಯಾಟರಿ ಚಾರ್ಜ್ ಮಾಡುವ ಡೈನಮೋಗೆ ಮುಟ್ಟಿಸುವ ರಬ್ಬರ್ ಪಟ್ಟಿ. ಅದು ಜಾರಿದರೆ ನೀರು ಸುತ್ತುವುದಿಲ್ಲ; ನೀರು ಸುತ್ತದಿದ್ದರೆ ಇಂಜಿನ್ ಕುದಿಯುತ್ತದೆ. ಮುಂದಿನ ಸೀಟಿನ ಪ್ರಯಾಣಿಕರು ಕಿವಿ ಮುಚ್ಚಿಕೊಂಡು ಧಣಿಗಳಿಗೆ ದೂರು ಕೊಟ್ಟರು. "ಶಬ್ದ ನಿಲ್ಲಬೇಕು" ಎಂದು ಧಣಿಗಳ ಆಜ್ಞೆ. ಬೆಲ್ಟ್ ಸರಿಯಾಗಬೇಕು ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ.

ಮೇಸ್ತ್ರಿಯವರ ಬಳಿ ಮಿಲ್ಲಿನ ಮದ್ದು ಇತ್ತು. ಮಿಲ್ಲಿನಲ್ಲಿ ಓಡುವುದು ಅಗಲವಾದ ಚರ್ಮದ ಬೆಲ್ಟ್. ಅದು ಒಣಗಿ ಕೂಗಿದರೆ ಹರಳೆಣ್ಣೆ ಸವರಿ ಮೇಲೆ ರಾಳದ ಪುಡಿ ಉದುರಿಸುತ್ತಾರೆ. ಚರ್ಮ ಮೆತ್ತಗಾಗಿ ಚಕ್ರವನ್ನು ಹಿಡಿಯುತ್ತದೆ. ಚರ್ಮಕ್ಕೆ ಅದು ಸರಿ. ರಬ್ಬರಿಗೆ?

"ಮೇಸ್ತ್ರಿಗಳೇ, ಎಣ್ಣೆ ತಾಗಿದರೆ ರಬ್ಬರ್ ಹಾಳಾಗ್ತದೆ."

"ನೀನು ಹುಟ್ಟುವ ಮೊದಲು ನಾನು ಬೆಲ್ಟಿಗೆ ಎಣ್ಣೆ ಹಾಕಿದ್ದುಂಟು ಮಾರಾಯ. ಭಾಷಣ ಶಾಲೆಯಲ್ಲಿ ಮಾಡು. ಇಲ್ಲಿ ಬಟ್ಟೆ ಹಿಡಿ, ಸವರು."

ಸವರಿದೆ. ನನ್ನ ಕೈಯಿಂದಲೇ. ಶಬ್ದ ನಿಂತಿತು. ಧಣಿಗಳು ಮೇಸ್ತ್ರಿಯವರಿಗೆ ಚಹಾ ತರಿಸಿದರು.

ಮೂರನೇ ದಿನ ಐತಪ್ಪಣ್ಣ ಬಸ್ಸು ತಂದು ನಿಲ್ಲಿಸಿ ಇಳಿದವರು ನೇರ ನಮ್ಮ ಹತ್ತಿರ ಬಂದರು. "ಚಾರ್ಜಿನ ಮುಳ್ಳು ಬೀಳ್ತಾ ಉಂಟು ಮೇಸ್ತ್ರಿಗಳೇ. ಕೂಗುವಾಗ ಬೀಳ್ತಿರಲಿಲ್ಲ. ಶಬ್ದ ನಿಂತದ್ದೇ ನನಗೆ ಹೆದರಿಕೆ."

"ಕೂಗಿದರೂ ಕಷ್ಟ, ಕೂಗದಿದ್ದರೂ ಕಷ್ಟ! ನಿಮಗೆ ಎಂತ ಬೇಕು, ಬೆಲ್ಟ್ ಪಾಡ್ದನ ಹಾಡಬೇಕಾ?" ಎಂದು ಮೇಸ್ತ್ರಿ ನಕ್ಕರು. ನಾವೂ ನಕ್ಕೆವು. ಮುಳ್ಳು ಬಿದ್ದರೆ ಡೈನಮೋ ನಿಧಾನವಾಗಿದೆ ಎಂದರ್ಥ. ಡೈನಮೋ ನಿಧಾನವಾದರೆ ಅದೇ ಬೆಲ್ಟಿನಲ್ಲಿರುವ ಪಂಪೂ ನಿಧಾನ. ಇಷ್ಟು ತರ್ಕ ಮಾಡಲು ನನಗೆ ಅಂದು ಯಾರು ಅಡ್ಡ ಬಂದಿದ್ದರು? ಯಾರೂ ಇಲ್ಲ. ಆ ಸಿಟ್ಟು ನನ್ನ ಮೇಲೆಯೇ.

ಮರುದಿನ ವೇಣೂರು ದಾಟಿದ ಏರಿನಲ್ಲಿ ಬಸ್ಸು ಹೊಗೆಯೆದ್ದು ನಿಂತಿತು. ಇಂಜಿನ್ನಿನ ಮೇಲ್ಭಾಗ ಮುಚ್ಚುವ ಸಿಲಿಂಡರ್ ಹೆಡ್ ಕಾದು ಬಿರಿದಿತ್ತು. ಲಾರಿಗೆ ಕಟ್ಟಿ ಎಳೆದು ತಂದರು. ಧಣಿಗಳು ಅಂಗಳದಲ್ಲೇ ತೀರ್ಪು ಕೊಟ್ಟರು: ಐತಪ್ಪ ಏರಿನಲ್ಲಿ ಆಕ್ಸಿಲರೇಟರ್ ತುಳಿದು ಇಂಜಿನ್ ಕಾಯಿಸಿದ, ನಾಳೆಯಿಂದ ಬರುವುದು ಬೇಡ.

"ಹದಿಮೂರು ವರ್ಷ ಓಡಿಸಿದ್ದೇನೆ ಧಣಿ, ಒಂದು ನಾಯಿಗೂ ತಾಗಿಸಲಿಲ್ಲ" ಎಂದರು ಐತಪ್ಪಣ್ಣ. ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಇಂಜಿನ್ ಸುಟ್ಟವನೆಂಬ ಹೆಸರು ಬಂದರೆ ಬೇರೆ ಬಸ್ಸಿನವರೂ ಸ್ಟಿಯರಿಂಗ್ ಕೊಡುವುದಿಲ್ಲ.

ನಾನು ಬೆಲ್ಟ್ ಬಿಚ್ಚಿದೆ. ಅದು ತುಂಡಾಗಿರಲಿಲ್ಲ. ಎರಡೂ ಬದಿ ಗಾಜಿನಂತೆ ಮಿನುಗುತ್ತಿತ್ತು. ಎಣ್ಣೆ ಕುಡಿದು ಸದ್ದಿಲ್ಲದೆ ಜಾರಿದ ಬೆಲ್ಟಿನ ಗುರುತು ಅದು. ಇನ್ನೊಂದು ಸಂಗತಿ: ಒಂದು ಬದಿಯ ಅಂಚು ಮಾತ್ರ ಸವೆದು ಒಳಗಿನ ಎಳೆ ಹೊರಬಂದಿತ್ತು. ಹಾಗಾಗುವುದು ಬೆಲ್ಟ್ ಓಡುವ ಚಕ್ರಗಳು ಒಂದೇ ಸಾಲಿನಲ್ಲಿ ಇಲ್ಲದಿದ್ದಾಗ. ಕೆಳಗಿನ ಕ್ರ್ಯಾಂಕ್ ಚಕ್ರದಿಂದ ಡೈನಮೋ ಚಕ್ರಕ್ಕೆ ದಾರ ಬಿಗಿಯಾಗಿ ಎಳೆದು ಹಿಡಿದೆ. ಡೈನಮೋ ಸುಮಾರು ಕಾಲು ಇಂಚು ಹೊರಗಿತ್ತು. ಮಳೆಗಾಲದ ಕೊನೆಗೆ ಡೈನಮೋವನ್ನು ಇಂಜಿನ್ನಿಗೆ ಹಿಡಿದಿಡುವ ಬ್ರ್ಯಾಕೆಟ್ ಮುರಿದಾಗ ಬೇರೆ ಗಾಡಿಯದನ್ನು ತೂತು ಅಗಲಿಸಿ ಕೂರಿಸಿದವರು ಲಿಂಗಪ್ಪ ಮೇಸ್ತ್ರಿ. ಬೆಲ್ಟ್ ಕೂಗಿದ್ದು ಆಮೇಲೆ.

ಧಣಿಗಳನ್ನು ಕರೆದು ದಾರ ತೋರಿಸಿದೆ. ಒಂದೊಂದೇ ಅಂಶ ಹೇಳಿದೆ. ಅವರು ಬಗ್ಗಿ ನೋಡಿದರು, ಎದ್ದು ನಿಂತರು.

"ನೀನು ಹೇಳುವುದು ಚಂದ ಉಂಟು. ಮೇಸ್ತ್ರಿ, ನೀವು ಎಂತ ಹೇಳ್ತೀರಿ?"

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ, "ದಾರ ಹಿಡಿಯುವವನ ಕೈ ಓರೆ ಇದ್ದರೆ ದಾರವೂ ಓರೆ ಧಣಿ" ಎಂದರು.

ಇದು ವಾದವೇ? ದಾರವನ್ನು ಅವರೇ ಹಿಡಿಯಲಿ ಎಂದೆ. ಧಣಿಗಳು ಆಗಲೇ ಚಪ್ಪಲಿ ಮೆಟ್ಟಿದ್ದರು. ಮೇಸ್ತ್ರಿಯನ್ನು ಕಳಕೊಂಡರೆ ಬಸ್ಸು ನಿಲ್ಲುತ್ತದೆ. ಡ್ರೈವರನನ್ನು ಕಳಕೊಂಡರೆ ಇನ್ನೊಬ್ಬ ಸಿಗುತ್ತಾನೆ. ಅವರ ಲೆಕ್ಕ ಅಷ್ಟೇ. ಐತಪ್ಪಣ್ಣ ಗೇಟಿನ ಹತ್ತಿರ ನನಗೆ ಹೇಳಿದ್ದು ಒಂದೇ ಮಾತು: "ಸವರುವ ದಿನ ಇಷ್ಟು ಜೋರಾಗಿ ಹೇಳಬಹುದಿತ್ತಲ್ಲ ತಮ್ಮಾ." ಈಗ ಅವರು ಹಂಚಿನ ಕಾರ್ಖಾನೆಯಲ್ಲಿ ಹಂಚು ಹೊರುತ್ತಾರೆ.

ಈ ಕೆಲಸ ಕಲಿಸಿದ್ದು ಇಷ್ಟು: ಕೂಗುವ ಬೆಲ್ಟ್ ಬಂದರೆ ನಾಳೆ ನೋಡಬಹುದು, ಕಾರಣ ಸಿಗದೆ ಕೂಗು ನಿಂತ ಬೆಲ್ಟನ್ನು ಈಗಲೇ ಬಿಚ್ಚಬೇಕು. ಕೂಗು ನಿಲ್ಲಿಸಿದವರಿಗೆ ಚಹಾ ತರಿಸುವ ಗ್ಯಾರೇಜಿನಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿಕೊಡುವುದಿಲ್ಲ.

ಹೊಸ ಹೆಡ್ ಬಂತು. ಜೋಡಿಸಿದ ಮರುದಿನ ಬೆಳಿಗ್ಗೆ ನಾನು ಬಾನೆಟ್ ಎತ್ತಿ ನೋಡಿದರೆ ಡೈನಮೋಗೆ ಸರಿಯಾದ ಹೊಸ ಬ್ರ್ಯಾಕೆಟ್ ಕೂತಿದೆ. ದಾರ ಹಿಡಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೊಸದಾಗಿ ಹಾಕಿದ ಬೆಲ್ಟ್ ಎಣ್ಣೆ ಕಾಣದೆ, ಕೂಗದೆ ವರ್ಷ ದಾಟಿತು. ಬ್ರ್ಯಾಕೆಟ್ ಕಂಡ ಬೆಳಿಗ್ಗೆಯೇ ನಾನು ಮೇಸ್ತ್ರಿಯವರನ್ನು ಅದರ ಬಗ್ಗೆ ಕೇಳಿದೆ. ಮೇಸ್ತ್ರಿ ಸ್ಪ್ಯಾನರ್ ಎತ್ತಿಕೊಂಡು ಇನ್ನೊಂದು ಬಸ್ಸಿನ ಅಡಿಗೆ ಹೋದರು. ಈಗ ಎಲ್ಲರೆದುರು ಕೇಳುತ್ತೇನೆ. ಇಂಜಿನ್ ಸುಟ್ಟದ್ದು ಐತಪ್ಪಣ್ಣನ ಕಾಲಿನಿಂದಲೇ ಆದರೆ, ಮೇಸ್ತ್ರಿಗಳೇ, ಹೊಸ ಡ್ರೈವರ್ ಬರುವ ಮೊದಲು ನೀವು ಆ ಬ್ರ್ಯಾಕೆಟನ್ನು ಬದಲಿಸಿದ್ದು ಯಾಕೆ?