ಮೇಜಿನ ಬಲಗಡೆ

ಶುಕ್ರವಾರ ಬೆಳಿಗ್ಗೆ ಔರಾದಿನ ಆಸ್ಪತ್ರೆಯಲ್ಲಿ ಸರ್ಜನ್ ಡಾ. ಪ್ರಣಾಲಿ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಡಾ. ಜುನೈದ ಕಾಣಿಸಿಕೊಂಡರು. ಅವರು ಅರಿವಳಿಕೆ ಕೊಡುವ ವೈದ್ಯರು. ಬೆಳಿಗ್ಗೆ ಬೀದರಿನಿಂದ ಇಬ್ಬರೂ ನರ್ಸ್ ಫಕ್ರುನ್ನಿಸಾ ಜೊತೆ ಒಂದೇ ವ್ಯಾನಿನಲ್ಲಿ ಬಂದಿದ್ದರು.

“ಮೇಡಂ, ಹಂಗರಗಿ ಸಾಹೇಬರ ಫೋನ್ ಬಂದಿತ್ತು. ಸಂತಪುರ ದಾಟ್ಯಾರಂತ.”

“ಇವತ್ತ ಅವರು ಬರೋ ದಿನ ಅಲ್ಲಲ್ಲ?”

“ನೀವು ಹೊಟ್ಟಿ ತೆರೀತೀರಿ ಅಂತ ಗೊತ್ತಾದ್ರ ಅವರಿಗೆ ಎಲ್ಲಾ ದಿನಾನೂ ಬರೋ ದಿನಾನೇ ರೀ.”

ಪ್ರಣಾಲಿ ನಗಲಿಲ್ಲ. ನಲ್ಲಿ ನಿಲ್ಲಿಸಿ, ಕೈ ಮೇಲೆತ್ತಿಕೊಂಡು ಒಳಗೆ ನಡೆದರು.

ಮೇಜಿನ ಮೇಲೆ ವಜೀರಬೀ ಮಲಗಿದ್ದರು. ಅರವತ್ತರ ಆಸುಪಾಸಿನ ಹೆಂಗಸು. ಹಳೆಯ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು ವಾಂತಿ ನಿಲ್ಲದಾಗಿತ್ತು. ಬೀದರಿಗೆ ಕಳಿಸುವಷ್ಟು ಸಮಯವಿರಲಿಲ್ಲ. ಒಪ್ಪಿಗೆಯ ಸಹಿ ಹಾಕುವ ಮೊದಲು ಅವರ ಮಗ ತನ್ವೀರ ಕೇಳಿದ್ದರು: “ದೊಡ್ಡ ಡಾಕ್ಟರ್ ಬರ್ತಾರೇನ್ರಿ?”

“ಆಪರೇಷನ್ ನಾನೇ ಮಾಡ್ತೇನಿ,” ಎಂದಿದ್ದರು ಪ್ರಣಾಲಿ. ತನ್ವೀರ ಪ್ರಣಾಲಿಯ ಬೆನ್ನ ಹಿಂದೆ ಇನ್ನಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿ, ಆಮೇಲೆ ಸಹಿ ಹಾಕಿದ್ದರು.

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಸರ್ಜನ್ ನಿಲ್ಲುವುದು ರೋಗಿಯ ಬಲಗಡೆ, ಸಹಾಯಕರು ಎಡಗಡೆ. ಪ್ರಣಾಲಿ ಕೆಲಸ ಮಾಡುವ ಬೀದರಿನ ಟ್ರಸ್ಟ್ ಆಸ್ಪತ್ರೆಯಲ್ಲಿ ಇದರ ಮೇಲೊಂದು ರೂಢಿ ಬೆಳೆದಿದೆ. ನಡುವೆ ಹಿರಿಯರು ಬಂದರೆ ಕಿರಿಯರು ಎಡಕ್ಕೆ ಸರಿಯಬೇಕು. ಕೊನೆಯ ಹೊಲಿಗೆ ಹಾಕುವಾಗ ಬಲಗಡೆ ಯಾರಿದ್ದರೋ ಆಪರೇಷನ್ ಅವರ ಹೆಸರಿಗೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಯಾರೂ ಪ್ರಶ್ನಿಸಿಯೂ ಇಲ್ಲ.

ಹದಿಮೂರು ವರ್ಷ ಪ್ರಣಾಲಿ ಸರಿಯುತ್ತಲೇ ಬಂದಿದ್ದಾರೆ. ಮಂಗಳವಾರ ಭಾಲ್ಕಿ, ಶುಕ್ರವಾರ ಔರಾದ. ಎರಡೂ ಟ್ರಸ್ಟಿನ ಶಾಖೆಗಳು. ಮಗ ಗೌರವ ಹುಟ್ಟಿದ ಹೊಸದರಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥ ಡಾ. ಹಂಗರಗಿ ಪ್ರಣಾಲಿಯನ್ನು ಕರೆದು, “ನಿಮಗ ಸಣ್ಣ ಕೂಸು ಅದ. ಬೀದರ್‌ನಾಗ ಹಗಲಿಲ್ಲ ರಾತ್ರಿ ಇಲ್ಲ, ಓಡ್ಯಾಡಬೇಕಾಗ್ತದ. ಭಾಲ್ಕಿ, ಔರಾದನಾಗ ಆರಾಮ ಇರ್ತೀರಿ,” ಎಂದಿದ್ದರು. ಕಾಳಜಿಯಿಂದಲೇ ಹೇಳಿದ್ದರು. ಪ್ರಣಾಲಿ ಉಪಕಾರವಾಯಿತು ಎಂದುಕೊಂಡಿದ್ದರು. ಗೌರವ ಈಗ ಹೈಸ್ಕೂಲಿನ ಹೊಸ್ತಿಲಲ್ಲಿದ್ದಾನೆ. ತಾಯಿಯ ಡ್ಯೂಟಿ ಬದಲಾಗಿಲ್ಲ.

ಕಳೆದ ವರ್ಷ ಯುನಿಟ್ ಮುಖ್ಯಸ್ಥರ ಒಂದು ಹುದ್ದೆ ಖಾಲಿಯಾಯಿತು. ಮುಖ್ಯಸ್ಥರಾದವರಿಗೆ ಬೀದರಿನಲ್ಲಿ ತಮ್ಮದೇ ಆಪರೇಷನ್ ದಿನ, ತಮ್ಮದೇ ಕಿರಿಯ ವೈದ್ಯರು ಸಿಗುತ್ತಾರೆ. ಈಗಿರುವ ಮುಖ್ಯಸ್ಥರೆಲ್ಲ ಗಂಡಸರು. ಸಂದರ್ಶನದಲ್ಲಿ, ಸ್ವತಂತ್ರವಾಗಿ ಮಾಡಿದ ದೊಡ್ಡ ಆಪರೇಷನ್ನುಗಳು ಯಾವುವು ಎಂದು ಕೇಳಿದರು. ಪ್ರಣಾಲಿ ಹೇಳಿದ ಪ್ರತಿಯೊಂದೂ ಆಸ್ಪತ್ರೆಯ ದಾಖಲೆಯಲ್ಲಿ ಹಂಗರಗಿಯವರ ಹೆಸರಿನಲ್ಲಿತ್ತು. ಹುದ್ದೆ ಡಾ. ವಿಶ್ವಾಸ ಅವರಿಗೆ ಹೋಯಿತು. ಸೇವೆಯಲ್ಲಿ ಅವರು ನಾಲ್ಕು ವರ್ಷ ಚಿಕ್ಕವರು. ಅವರಿಗೆ ಹೊಲಿಗೆಯ ಗಂಟು ಹಾಕುವುದನ್ನು ಕಲಿಸಿದ್ದು ಪ್ರಣಾಲಿ.

ಮರುವಾರ ಭಾಲ್ಕಿಯಲ್ಲಿ ಚಹಾ ಕುಡಿಯುವಾಗ ಬೀದರಿನಲ್ಲೂ ಶಾಖೆಗಳಲ್ಲೂ ಆಪರೇಷನ್ ಥಿಯೇಟರಿನಲ್ಲಿರುವ ನರ್ಸ್ ಫಕ್ರುನ್ನಿಸಾ ಕೇಳಿದರು: “ಮೇಡಂ, ಸಿಟ್ಟಾಗಬ್ಯಾಡ್ರಿ. ನೀವು ಯಾಕ ಸರೀತೀರಿ?”

“ಸರ್ ಬಂದ್ರ ಸರೀಬೇಕಲ್ಲ.”

“ವಿಶ್ವಾಸ ಡಾಕ್ಟರ್ ಒಮ್ಮೆನೂ ಸರ್ದಿಲ್ರಿ. ‘ಸರ್, ನೀವು ಆ ಕಡಿ ನಿಂದರ್ರಿ, ನಾ ಮುಗಿಸ್ತೇನಿ’ ಅಂತಾರ. ಸಾಹೇಬರು ನಗತಾರ. ಪೋರ ಗಟ್ಟಿ ಇದ್ದಾನ ಅಂತಾರ.”

ಪ್ರಣಾಲಿ ಇದನ್ನು ಕಂಡಿರಲಿಲ್ಲ. ವಿಶ್ವಾಸ ಬೀದರಿನಲ್ಲಿ ಆಪರೇಷನ್ ಮಾಡುವ ದಿನಗಳಲ್ಲಿ ಅವರು ಭಾಲ್ಕಿಯಲ್ಲೋ ಔರಾದಿನಲ್ಲೋ ಇರುತ್ತಿದ್ದರು.

ಆ ಭಾನುವಾರ ಜನವಾಡದ ತವರಿನಲ್ಲಿ ತಾಯಿ ಕೌಸಲ್ಯಾಬಾಯಿಗೆ ಎಲ್ಲವನ್ನೂ ಹೇಳಿದರು. ತಾಯಿ ತೊಗರಿಬೇಳೆ ಹಸನು ಮಾಡುತ್ತ ಕೇಳಿಸಿಕೊಂಡರು.

“ಬಸ್ಸಿನಾಗ ಊರ ಗೌಡರ ಮನಿಯವರು ಹತ್ತಿದ್ರ ನಿಮ್ಮಪ್ಪ ಸೀಟ್ ಬಿಟ್ಟು ಏಳ್ತಿದ್ದ. ಸಾಲಿ ಮಾಸ್ತರ ಆದ ಮ್ಯಾಲೂ ಏಳ್ತಿದ್ದ. ಒಂದಿನ ಏಳ್ಲಿಲ್ಲ.”

“ಏನಾತು?”

“ಏನಾಗ್ತದ? ಬಸ್ ಹೊಂಟ್ತು.”

ಈ ವರ್ಷ ಇನ್ನೊಬ್ಬ ಮುಖ್ಯಸ್ಥರು ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಸಂದರ್ಶನ ಬರುವ ಗುರುವಾರ. ಉಳಿದ ಮುಖ್ಯಸ್ಥರೆಲ್ಲ ಇನ್ನೂ ಚಿಕ್ಕ ವಯಸ್ಸಿನವರು. ಇದು ತಪ್ಪಿದರೆ ಪ್ರಣಾಲಿಯ ಸೇವಾವಧಿಯಲ್ಲಿ ಮತ್ತೊಂದು ಹುದ್ದೆ ಖಾಲಿಯಾಗುವುದು ಅನುಮಾನ.

ಔರಾದಿನ ಮೇಜಿನ ಮೇಲೆ ಈಗ ಹೊಟ್ಟೆ ತೆರೆದಿತ್ತು. ಸಿಕ್ಕಿಕೊಂಡ ಕರುಳನ್ನು ಬಿಡಿಸಿ ಬಿಸಿ ಬಟ್ಟೆ ಸುತ್ತಿ, ಕಪ್ಪು ಹೋಗಿ ಮೊದಲಿನ ಬಣ್ಣ ಬರುತ್ತದೆಯೇ ಎಂದು ಪ್ರಣಾಲಿ ಕಾಯುತ್ತಿದ್ದರು. ಬಾಗಿಲು ತೆರೆಯಿತು. ಹಂಗರಗಿ ಟೋಪಿ, ಮಾಸ್ಕು, ಕೈಗವಸು ಧರಿಸಿ ಸಿದ್ಧರಾಗಿಯೇ ಬಂದಿದ್ದರು.

“ಏನದ?”

“ಒಂದು ಗೇಣು ಕಪ್ಪಾಗ್ಯಾದ ಸರ್. ಬಣ್ಣ ತಿರಗವಲ್ತು. ಕತ್ತರಿಸಿ ಜೋಡಸಬೇಕು.”

“ಹ್ಞೂಂ. ಸರೀರಿ.”

ಪ್ರಣಾಲಿಯ ಒಂದು ಕಾಲು ಆಗಲೇ ಹಿಂದಕ್ಕೆ ಹೋಗಿತ್ತು. ಅವರು ಅದನ್ನು ಮೊದಲಿದ್ದಲ್ಲಿಗೆ ತಂದರು.

“ಸರ್, ನೀವು ಆ ಕಡಿ ನಿಂದರ್ರಿ. ನಾ ಮುಗಿಸ್ತೇನಿ.”

ವಿಶ್ವಾಸ ಹೇಳುತ್ತಿದ್ದ ಮಾತೇ. ಹಂಗರಗಿ ನಗಲಿಲ್ಲ.

“ಏನಂದ್ರಿ?”

“ನಾ ಮುಗಿಸ್ತೇನಿ ಸರ್.”

“ಜೋಡಿಸಿದ್ದು ಸೋರಿದ್ರ?”

“ಸೋರಿದ್ರ ಅದೂ ನಂದೇ.”

ಎಡಗಡೆ ಸಹಾಯಕ್ಕೆ ನಿಂತಿದ್ದ ಫಕ್ರುನ್ನಿಸಾ ತಲೆ ಎತ್ತಲಿಲ್ಲ. ಹಂಗರಗಿ ಕದಲಲಿಲ್ಲ.

“ಬಿ.ಪಿ. ಇಳೀಲಿಕತ್ತದ,” ಎಂದರು ತಲೆಯ ಬಳಿ ಕುಳಿತಿದ್ದ ಜುನೈದ. “ಯಾರರೆ ಒಬ್ಬರು ಮಾಡ್ರಿ.”

ಹಂಗರಗಿ ಮೇಜು ಸುತ್ತಿ ಎಡಗಡೆಗೆ ಬಂದರು. ಫಕ್ರುನ್ನಿಸಾ ಜಾಗ ಬಿಟ್ಟು, ಹೊಟ್ಟೆಯ ಅಂಚನ್ನು ಹಿಡಿದೆಳೆಯುವ ಕೊಕ್ಕೆಯನ್ನು ಅವರ ಕೈಗೆ ಕೊಟ್ಟರು. ಅವರು ಹಿಡಿದರು.

ಪ್ರಣಾಲಿ ಕಪ್ಪಾದ ಭಾಗ ಕತ್ತರಿಸಿ ತೆಗೆದು ಎರಡು ತುದಿಗಳನ್ನು ಜೋಡಿಸಿದರು. ಅಷ್ಟೂ ಹೊತ್ತಿನಲ್ಲಿ ಹಂಗರಗಿ ಒಂದೇ ಸಲ ಮಾತಾಡಿದರು: “ಮೂಲಿಗೆ ಇನ್ನೊಂದು ಹಾಕ್ರಿ.” ಪ್ರಣಾಲಿ ಬಗ್ಗಿ ನೋಡಿದರು. ಅವರ ಮಾತು ಸರಿಯಿತ್ತು. ಇನ್ನೊಂದು ಹೊಲಿಗೆ ಹಾಕಿದರು.

ಹೊಟ್ಟೆ ಮುಚ್ಚಿದ ಮೇಲೆ ಫಕ್ರುನ್ನಿಸಾ ಬೇಕಂತಲೇ ಗಟ್ಟಿಯಾಗಿ ಕೇಳಿದರು: “ಸರ್ಜನ್ ಹೆಸರು ಏನ್ ಬರೀಲಿ ರೀ?”

ಹಂಗರಗಿ ಕೈಗವಸು ಕಳಚುತ್ತಿದ್ದರು.

“ಪ್ರಣಾಲಿ,” ಎಂದರು ಪ್ರಣಾಲಿ.

ಬಾಗಿಲ ಬಳಿ ಹಂಗರಗಿ ನಿಂತು ತಿರುಗಿದರು. “ಗುರುವಾರ ನಾನೂ ಕೂಡ್ತೇನಿ. ಗೊತ್ತದಲ್ಲ?”

“ಗೊತ್ತದ ಸರ್.”

ಹೊರಗೆ ತನ್ವೀರ ಓಡಿಬಂದು ಹಂಗರಗಿಗೆ ಸಲಾಂ ಮಾಡಿದರು. “ನೀವು ಬಂದ್ರಿ ಸಾಬ್, ನಮ್ಮ ಅಮ್ಮಿ ಉಳಿದ್ಳು.” ಹಂಗರಗಿ ಕಾರು ಹತ್ತಿದರು. ಯಾವಾಗಲೂ ಕುಡಿಯುವ ಚಹಾ ಕುಡಿಯಲಿಲ್ಲ.

“ಅವರು ಹಿಡ್ಕೊಂಡಿದ್ರು,” ಎಂದರು ಹಿಂದಿನಿಂದ ಬಂದ ಪ್ರಣಾಲಿ. “ಮಾಡಿದ್ದು ನಾನು. ರಾತ್ರಿ ಜ್ವರ ಬಂದ್ರ ನನಗೇ ಫೋನ್ ಮಾಡ್ರಿ.” ತನ್ವೀರ ಒಮ್ಮೆ ಕಾರನ್ನು, ಒಮ್ಮೆ ಅವರನ್ನು ನೋಡಿದರು. ಆಮೇಲೆ ಮೊಬೈಲು ತೆಗೆದು ನಂಬರು ಕೇಳಿದರು.

ವ್ಯಾನು ವಾಪಸು ಬೀದರಿಗೆ ಹೊರಟಿತು. ಸಂತಪುರ ದಾಟಿದ ಮೇಲೆ ಜುನೈದ, “ಮೇಡಂ, ಮುಂದಿನ ಸಲ ಮೊದಲೇ ಹೇಳ್ರಿ. ನನ್ನ ಬಿ.ಪಿ.ನೂ ನೋಡಬೇಕಾಗ್ತದ,” ಎಂದರು. ಆಗ ಪ್ರಣಾಲಿ ನಕ್ಕರು.

ಜೋಡಿಸಿದ ಕರುಳು ಸೋರುವುದಿದ್ದರೆ ಸಾಮಾನ್ಯವಾಗಿ ಒಂದು ವಾರದೊಳಗೆ ಗೊತ್ತಾಗುತ್ತದೆ. ಬುಧವಾರ ಸಂಜೆಯವರೆಗೆ ವಜೀರಬೀಗೆ ಜ್ವರ ಬಂದಿಲ್ಲ, ಗಂಜಿ ಕುಡಿಯುತ್ತಿದ್ದಾರೆ. ಸಂದರ್ಶನ ನಾಳೆ ಹನ್ನೊಂದು ಗಂಟೆಗೆ, ಬೀದರಿನಲ್ಲಿ. ಒಂದು ಹುದ್ದೆಗೆ ಇಬ್ಬರು ಅಭ್ಯರ್ಥಿಗಳಿದ್ದಾರೆ. ಪ್ರಶ್ನೆ ಕೇಳುವವರು ಮೂವರು, ಅವರಲ್ಲಿ ಒಬ್ಬರು ಹಂಗರಗಿ.