ಎಲೆ ತುಂಬುವ ಹುರ್ಶಿದಾ ಓಪಾ
ತಾಷ್ಕೆಂಟಿನ ನಮ್ಮ ಸಸ್ಯ ಪ್ರಯೋಗಾಲಯದಲ್ಲಿ ತಂಬಾಕಿನ ಎಲೆಯೊಳಗೆ ಪ್ರಯೋಗದ ಬ್ಯಾಕ್ಟೀರಿಯಾ ಬೆರೆಸಿದ ದ್ರಾವಣ ತುಂಬಿಸುವ ಕೆಲಸ ಹುರ್ಶಿದಾ ಓಪಾ ಅವರದು. ವಯಸ್ಸಾದ ನಿರ್ದೇಶಕರಿಗೂ ಅವರು ಓಪಾ, ಅಂದರೆ ಅಕ್ಕ. ಬೆಳಗ್ಗೆ ಬಂದವರೇ ಗಿಡಗಳಿಗೆ ನೀರು ಹಾಕಿ, "ಬಾಯಿ ತೆರೀರಿ ಮಕ್ಳಾ" ಎನ್ನುತ್ತಾರೆ. ಎಲೆಯ ಸಣ್ಣ ರಂಧ್ರಗಳು ತೆರೆಯುವ ತನಕ ಹಸಿರು ಚಹಾ ಕುಡಿಯುತ್ತಾರೆ, ಅವಸರ ಮಾಡಿದವರಿಗೂ ಒಂದು ಬಟ್ಟಲು ಕುಡಿಸಿ ಕೂರಿಸುತ್ತಾರೆ. ಆಮೇಲೆ ಸೂಜಿಯಿಲ್ಲದ ಸಿರಿಂಜಿನ ಮೂತಿಯನ್ನು ಎಲೆಯ ಅಡಿಗೆ ಒತ್ತಿ, ಮೇಲಿನಿಂದ ಬೆರಳು ಆನಿಸಿ, ಮೆಲ್ಲಗೆ ತಳ್ಳುತ್ತಾರೆ; ದ್ರಾವಣ ಹರಡಿದಷ್ಟೂ ಎಲೆಯಲ್ಲಿ ಒದ್ದೆ ಕಲೆ ಮೂಡುತ್ತದೆ. ಎಲೆ ಹರಿದ ಸದ್ದು ಕೇಳಿದರೆ ಸಾಕು, "ಏನು, ಕುರಿಗೆ ಔಷಧಿ ಕುಡಿಸ್ತಿದ್ದೀಯಾ?" ಎಂದು ದೊಡ್ಡ ವಿಜ್ಞಾನಿಗಳನ್ನೂ ಬಿಡುವುದಿಲ್ಲ. ಮೊನ್ನೆ ಹೊಸ ವಿದ್ಯಾರ್ಥಿನಿ ನಿಗೋರಾ ಮೂರನೆಯ ಎಲೆಯನ್ನೂ ಹರಿದುಕೊಂಡು ಅಳುತ್ತ ಕೂತಳು. ಓಪಾ ಅವಳ ಬೆರಳನ್ನು ತಮ್ಮ ಬೆರಳ ಪಕ್ಕ ಎಲೆಯ ಮೇಲಿಟ್ಟು ಸಿರಿಂಜು ತಳ್ಳಿದರು. "ಒದ್ದೆ ಕಲೆ ಎಲ್ಲೀವರೆಗೆ ಹರಡಬೇಕು ಓಪಾ?" ಎಂದು ನಿಗೋರಾ ಕೇಳಿದಳು. "ಕಲೆ ನಂಗೆಲ್ಲಿ ಕಾಣುತ್ತೆ ಮಗಳೇ? ಕಣ್ಣು ಮಂಜಾಗಿ ಎರಡು ವರ್ಷ ಆಯ್ತು. ಬೆರಳಿಗೆ ತಂಪು ತಾಗಿದ್ರೆ ನಿಲ್ಸು, ಅಷ್ಟೆ." ಪಕ್ಕದ ಮೇಜಿನಲ್ಲಿದ್ದ ನಾನು ಕೇಳಿಸದವನಂತೆ ತಲೆ ತಗ್ಗಿಸಿದೆ. ಈಗ ನಾವೆಲ್ಲ ಯಾವ ಗಿಡಕ್ಕೆ ಯಾವ ದ್ರಾವಣ ಎಂದು ಬರೆದು ಕುಂಡಗಳ ಮೇಲೆ ಅಂಟಿಸಿದ ಚೀಟಿಗಳನ್ನು, ಏನೋ ಹಳೆಯ ಅಭ್ಯಾಸವೆಂಬಂತೆ, ಗಟ್ಟಿಯಾಗಿ ಓದುತ್ತೇವೆ. "ಯಾಕ್ರೋ ಕಿರುಚ್ತೀರಾ, ನಾನೇನು ಕಿವುಡೀನಾ?" ಎಂದು ಓಪಾ ಗದರುತ್ತಾರೆ.